ತೆರಿಗೆ ಕಟ್ಟುತ್ತೇನೆ, ಎಷ್ಟು ಅಂತ ಮೊದಲೇ ಹೇಳಿ

ಶನಿವಾರ ಮಧ್ಯಾಹ್ನ ಪಾಠ ನಡೆಯುತ್ತಿತ್ತು. ಗೇಟಿನ ಹತ್ತಿರ ಕೊರಿಯರ್ ಹುಡುಗ ಬಂದು ನಿಂತ. ಕೈಯಲ್ಲಿ ಒಂದು ತೆಳ್ಳನೆಯ ಲಕೋಟೆ. ಒಳಗೆ ಏನಿದೆ ಅಂತ ನನಗೆ ಗೊತ್ತಿತ್ತು, ಹತ್ತು ದಿನದಿಂದ ಅದಕ್ಕೇ ಕಾಯುತ್ತಿದ್ದೆ. ಪಿಟೀಲಿನ ತಂತಿ, ಎರಡು ಸೆಟ್. ಜರ್ಮನಿಯ ಒಂದು ಅಂಗಡಿಯಿಂದ ಆನ್‌ಲೈನ್‌ನಲ್ಲಿ ತರಿಸಿದ್ದು.

"ನಾಲ್ಕು ಸಾವಿರದ ನೂರಾ ಇಪ್ಪತ್ತೈದು ಕೊಡಬೇಕು ಮೇಡಂ" ಅಂದ.

ದುಡ್ಡು ಆಗಲೇ ಕಟ್ಟಿದ್ದೇನಲ್ಲಪ್ಪ ಅಂದೆ.

"ಇದು ಕಸ್ಟಮ್ಸ್‌ದು ಮೇಡಂ. ಕಟ್ಟಿದ್ರೆ ಕೊಡ್ತೀನಿ, ಇಲ್ಲಾಂದ್ರೆ ವಾಪಸ್ ಹೋಗತ್ತೆ."

ಆ ಹುಡುಗನ ತಪ್ಪು ಏನೂ ಇಲ್ಲ. ಬಿಸಿಲಲ್ಲಿ ಬಂದಿದ್ದ. ಮಜ್ಜಿಗೆ ಕೊಟ್ಟೆ, ದುಡ್ಡೂ ಕೊಟ್ಟೆ. ಆದರೆ ಅವತ್ತಿನಿಂದ ಮನಸ್ಸು ಸರಿಯಿಲ್ಲ. ಇವತ್ತು ಬೆಳಿಗ್ಗೆ ಆ ಮೊತ್ತದ ವಿವರ ಈಮೇಲ್‌ನಲ್ಲಿ ಬಂತು. ಓದಿದ ಮೇಲೆ ಸಿಟ್ಟು ಇನ್ನೂ ಜಾಸ್ತಿ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಲೆಕ್ಕ ಹೇಳುತ್ತೇನೆ. ತಂತಿಯ ಬೆಲೆ 6,200 ರೂಪಾಯಿ. ಕಳಿಸುವ ಖರ್ಚು 1,900. ಒಟ್ಟು 8,100 ರೂಪಾಯಿಯನ್ನು ಆರ್ಡರ್ ಮಾಡಿದ ದಿನವೇ ಕಟ್ಟಿದ್ದೆ. ಬಾಗಿಲಲ್ಲಿ ಕೇಳಿದ 4,125ರಲ್ಲಿ ಸರ್ಕಾರಕ್ಕೆ ಹೋಗಿದ್ದು 2,414. ಉಳಿದ 1,711 ರೂಪಾಯಿ ಕೊರಿಯರ್ ಕಂಪನಿಯ ಶುಲ್ಕ. ನಿಮ್ಮ ಪರವಾಗಿ ತೆರಿಗೆ ಕಟ್ಟಿದ್ದೇವೆ, ಸಾಮಾನು ಬಿಡಿಸಿಕೊಂಡು ಬಂದಿದ್ದೇವೆ, ಅದಕ್ಕೆ 1,450. ಆ 1,450ರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ 261. ಅಂದರೆ 6,200 ರೂಪಾಯಿಯ ತಂತಿ ನನ್ನ ಕೈಗೆ ಬರುವಷ್ಟರಲ್ಲಿ 12,225 ಆಯಿತು. ಹೆಚ್ಚುಕಡಿಮೆ ಎರಡರಷ್ಟು.

ತೆರಿಗೆ ಹಾಕಬಾರದು ಅಂತ ನಾನು ಹೇಳುತ್ತಿಲ್ಲ. ಇದನ್ನು ದಯವಿಟ್ಟು ಸರಿಯಾಗಿ ಓದಿ. ತೆರಿಗೆ ಕಟ್ಟುತ್ತೇನೆ. ಎಷ್ಟು ಅಂತ ಮೊದಲೇ ಹೇಳಿ. ನನ್ನ ಜಗಳ ಇಷ್ಟೇ.

ಯಾಕೆ ಇಷ್ಟು ಬೇಜಾರು ಅಂದರೆ, ಆ ತಂತಿ ನನಗಲ್ಲ. ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತು, ನನ್ನ ಹತ್ತಿರ ಕಲಿಯುವ ಮಕ್ಕಳಲ್ಲಿ ಇಬ್ಬರು ಈ ಸಲ ಸೀನಿಯರ್ ಪರೀಕ್ಷೆಗೆ ಕೂರುತ್ತಿದ್ದಾರೆ. ಇಬ್ಬರ ಪಿಟೀಲಿನ ತಂತಿಯೂ ಸವೆದು ಹೋಗಿದೆ. ಮಂದ್ರದಲ್ಲಿ, ಅಂದರೆ ಕೆಳಗಿನ ಸ್ವರಗಳಲ್ಲಿ, ಕಮಾನು ಎಳೆದರೆ ನಾದ ಬರುವುದಿಲ್ಲ, ಬರೀ ಗರಗರ. ಒಬ್ಬಳ ಅಪ್ಪ ಗ್ಯಾರೇಜಿನಲ್ಲಿ ಕೆಲಸ ಮಾಡುತ್ತಾರೆ. ಅವರಿಗೆ ನಾನು ಹೇಳಿದ್ದು, ತಂತಿ ಮತ್ತು ಕಳಿಸುವ ಖರ್ಚು ಸೇರಿ ನಾಲ್ಕು ಸಾವಿರದ ಐವತ್ತು ಆಗುತ್ತೆ ಅಂತ. ಸ್ವಲ್ಪ ಕಸ್ಟಮ್ಸ್ ಬರಬಹುದು ಅಂತಲೂ ಹೇಳಿದ್ದೆ. "ಸ್ವಲ್ಪ" ಅಂದರೆ ಐನೂರೋ ಆರುನೂರೋ ಅಂತ ನನ್ನ ಅಂದಾಜು. ಅವರು ಎರಡು ಕಂತಿನಲ್ಲಿ ದುಡ್ಡು ತಂದುಕೊಟ್ಟರು. ಈಗ ಇನ್ನೂ ಎರಡು ಸಾವಿರ ಕೊಡಿ ಅಂತ ಯಾವ ಬಾಯಲ್ಲಿ ಕೇಳಲಿ? ಮೊದಲೇ ಗೊತ್ತಿದ್ದರೆ ಒಂದೇ ತಂತಿ ಬಿಡಿಯಾಗಿ ತರಿಸುತ್ತಿದ್ದೆ, ಇಲ್ಲ ಇನ್ನೂ ನಾಲ್ಕು ಜನರನ್ನು ಸೇರಿಸಿಕೊಂಡು ಒಟ್ಟಿಗೆ ತರಿಸುತ್ತಿದ್ದೆ. ಅದನ್ನು ಯೋಚಿಸುವ ಅವಕಾಶವೇ ನನಗೆ ಸಿಗಲಿಲ್ಲ.

ಈ ತೆರಿಗೆಯ ಲೆಕ್ಕ ಹೇಗೆ ಅಂತ ಕೂತು ತಿಳಿದುಕೊಂಡೆ. ನಮ್ಮ ಸ್ವಂತ ಬಳಕೆಗೆ ಹೊರದೇಶದಿಂದ ತರಿಸುವ ಸಾಮಾನಿಗೆ ಕೆಲವು ವರ್ಷಗಳ ಹಿಂದೆ ನೂರಕ್ಕೆ 35 ಸುಂಕ ಇತ್ತು. ಅದರ ಮೇಲೆ ಸರ್‌ಚಾರ್ಜ್, ಅದರ ಮೇಲೆ 28 ಜಿಎಸ್‌ಟಿ. ಎಲ್ಲ ಸೇರಿ ನೂರು ರೂಪಾಯಿ ಸಾಮಾನಿಗೆ 77 ರೂಪಾಯಿ ತೆರಿಗೆ ಆಗುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯಿತು. ಅಷ್ಟರಲ್ಲಿ 35ರಿಂದ 20ಕ್ಕೆ ಇಳಿದಿದ್ದ ಸುಂಕವನ್ನು 2026ರ ಬಜೆಟ್‌ನಲ್ಲಿ 10ಕ್ಕೆ ಇಳಿಸುವುದಾಗಿ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದರು. ಇದು ಒಳ್ಳೆಯ ಕೆಲಸ. ನಾನು ಮನಸಾರೆ ಮೆಚ್ಚುತ್ತೇನೆ.

ಆದರೆ ತುಂಬಾ ಜನಕ್ಕೆ ಗೊತ್ತಿಲ್ಲದ ಎರಡು ಸಂಗತಿ ಇವೆ, ನನಗೂ ಗೊತ್ತಿರಲಿಲ್ಲ. ಒಂದು, ಜಿಎಸ್‌ಟಿಯನ್ನು ಸಾಮಾನಿನ ಬೆಲೆಯ ಮೇಲೆ ಮಾತ್ರ ಹಾಕುವುದಿಲ್ಲ. ಬೆಲೆಗೆ ಸುಂಕ ಸೇರಿಸಿ, ಆ ಮೊತ್ತದ ಮೇಲೆ ಹಾಕುತ್ತಾರೆ. ನೂರು ರೂಪಾಯಿಗೆ ಹತ್ತು ಸುಂಕ, ಆಮೇಲೆ ನೂರಾ ಹತ್ತರ ಮೇಲೆ 18ರ ದರ. ಹಾಗಾಗಿ ಹತ್ತೂ ಹದಿನೆಂಟೂ ಸೇರಿ 28 ಅಲ್ಲ, 29 ರೂಪಾಯಿ 80 ಪೈಸೆ. ಎರಡನೆಯದು ನನಗೆ ಜಾಸ್ತಿ ನೋವಾಗಿದ್ದು. "ಬೆಲೆ" ಅಂದರೆ ಬರೀ ತಂತಿಯ ಬೆಲೆ ಅಲ್ಲ. ಕಳಿಸುವ ಖರ್ಚು, ವಿಮೆ ಎಲ್ಲವೂ ಅದರಲ್ಲಿ ಸೇರುತ್ತದೆ. ನನ್ನ 1,900 ರೂಪಾಯಿ ಸಾಗಾಟದ ಖರ್ಚಿನ ಮೇಲೇ 566 ರೂಪಾಯಿ ತೆರಿಗೆ ಬಿದ್ದಿದೆ. ದೂರದಿಂದ ಬರುತ್ತದೆ ಎನ್ನುವುದಕ್ಕೇ ತೆರಿಗೆ ಕಟ್ಟಿದ ಹಾಗಾಯಿತು, ಅಲ್ವಾ?

ಸರಿ, ಕಾನೂನು ಹಾಗಿದೆ. ಒಪ್ಪಿಕೊಂಡೆ. ಈಗ ನನ್ನ ಪ್ರಶ್ನೆ ಕೇಳಿ. ದರ ಗೊತ್ತಿರುವುದೇ. ಸಾಮಾನಿನ ಬೆಲೆ ಅಂಗಡಿಯ ಬಿಲ್ಲಿನಲ್ಲೇ ಇದೆ. ಯೂರೋಗೆ ಎಷ್ಟು ರೂಪಾಯಿ ಅಂತ ಕಸ್ಟಮ್ಸ್‌ನವರೇ ಪ್ರಕಟಿಸುತ್ತಾರೆ. ಕೊರಿಯರ್ ಶುಲ್ಕವಂತೂ ಅವರ ಕೈಯಲ್ಲೇ ಇದೆ. ಹಾಗಾದರೆ ಗೊತ್ತಿಲ್ಲದ್ದು ಯಾವುದು? ಆರ್ಡರ್ ಮಾಡುವ ಮೊದಲು ನಾನು ಆ ಕಂಪನಿಗೆ ಫೋನ್ ಮಾಡಿ ಕೇಳಿದ್ದೆ. ಅಂದಾಜು ಹೇಳಲು ಆಗುವುದಿಲ್ಲ, ಸಾಮಾನು ಬಂದ ಮೇಲೆ ಗೊತ್ತಾಗುತ್ತೆ ಅಂದರು. ಕಸ್ಟಮ್ಸ್‌ದು ಬೇಡ, ನಿಮ್ಮ ಶುಲ್ಕವಾದರೂ ಹೇಳಿ ಅಂದೆ. ಅದಕ್ಕೂ ಅದೇ ಉತ್ತರ. ತರಕಾರಿ ಮಾರುವ ಅಜ್ಜಿ ಕೂಡ ಬೆಂಡೆಕಾಯಿ ತೂಗುವ ಮೊದಲು ಕಾಲು ಕಿಲೋಗೆ ಎಷ್ಟು ಅಂತ ಹೇಳುತ್ತಾಳೆ.

ಇನ್ನೊಂದು ವಿಷಯ ಹೇಳಲೇಬೇಕು. ಪಾರ್ಸೆಲ್ ಬರುವ ನಾಲ್ಕು ದಿನ ಮೊದಲು ನನ್ನ ಫೋನಿಗೆ ಒಂದು ಮೆಸೇಜ್ ಬಂತು. ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿದೆ, ಈ ಲಿಂಕ್ ಒತ್ತಿ ಆಧಾರ್ ಹಾಕಿ ಅಂತ. ಅಪ್ಪ ಪಕ್ಕದಲ್ಲೇ ಕೂತಿದ್ದರು. ಓದಿದವರೇ ಫೋನ್ ಕಿತ್ತುಕೊಂಡರು. ಅವರ ಸ್ನೇಹಿತರೊಬ್ಬರು ಇಂಥದ್ದೇ ಮೆಸೇಜ್ ನಂಬಿ ದುಡ್ಡು ಕಳೆದುಕೊಂಡಿದ್ದಾರೆ. ನಿಮ್ಮ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ, ನಿಮ್ಮನ್ನು ಅರೆಸ್ಟ್ ಮಾಡುತ್ತೇವೆ ಅಂತ ವಿಡಿಯೋ ಕಾಲ್‌ನಲ್ಲೇ ಹೆದರಿಸಿ ದುಡ್ಡು ದೋಚುವ ಕಳ್ಳರ ಸುದ್ದಿ ಎಷ್ಟು ಓದಿಲ್ಲ ನಾವು. ಬೆಂಗಳೂರಿನಲ್ಲಂತೂ ಎಷ್ಟೊಂದು ಜನ ಮೋಸ ಹೋದರು. ನಿಜವಾದ ಮೆಸೇಜೂ ಕಳ್ಳರ ಮೆಸೇಜಿನ ಹಾಗೇ ಇದ್ದರೆ ವಯಸ್ಸಾದವರು ಏನು ಮಾಡಬೇಕು? ಕೊನೆಗೆ ಅಂಗಡಿಯವರು ಕೊಟ್ಟ ಟ್ರ್ಯಾಕಿಂಗ್ ನಂಬರ್ ಹಾಕಿ, ಕಂಪನಿಯ ವೆಬ್‌ಸೈಟ್‌ಗೆ ನಾನೇ ಹೋಗಿ ನೋಡಿ, ಆಮೇಲೆ ಆಧಾರ್ ಕೊಟ್ಟೆ. ಅಲ್ಲೂ ಎಷ್ಟು ಕಟ್ಟಬೇಕು ಅಂತ ಇರಲಿಲ್ಲ.

ಇಲ್ಲೇ ಹೇಳಿಬಿಡುತ್ತೇನೆ, ಮನೆಯ ಹಿರಿಯರಿಗೂ ತಿಳಿಸಿ. ಕಸ್ಟಮ್ಸ್ ಅಧಿಕಾರಿಗಳು ಫೋನ್ ಮಾಡಿ ಖಾಸಗಿ ಖಾತೆಗೆ ದುಡ್ಡು ಹಾಕಿ ಅನ್ನುವುದಿಲ್ಲ. ಅವರ ಪತ್ರದಲ್ಲಿ ಡಿಐಎನ್ ಅನ್ನುವ ಒಂದು ಸಂಖ್ಯೆ ಇರುತ್ತದೆ, ಅದನ್ನು ಇಲಾಖೆಯ ವೆಬ್‌ಸೈಟ್‌ನಲ್ಲಿ ಹಾಕಿ ನೋಡಬಹುದು. ಮೋಸ ಹೋದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಈಗ ಒಂದು ತಪ್ಪೊಪ್ಪಿಗೆ. 2018ರಲ್ಲಿ ಜರ್ಮನಿಯಲ್ಲಿದ್ದ ಗೆಳತಿಯ ಕೈಯಲ್ಲಿ ತಂತಿ ಕಳಿಸಿಕೊಂಡಾಗ "ಗಿಫ್ಟ್ ಅಂತ ಬರಿ" ಅಂತ ನಾನೇ ಹೇಳಿದ್ದೆ. ದುಡ್ಡು ನಾನು ಕೊಟ್ಟಿದ್ದೆ, ಅದು ಗಿಫ್ಟ್ ಆಗಿರಲಿಲ್ಲ. ಆಗ 5,000 ರೂಪಾಯಿವರೆಗಿನ ಉಡುಗೊರೆಗೆ ಸುಂಕ ಇರಲಿಲ್ಲ. ನನ್ನ ಹಾಗೇ ಎಷ್ಟೋ ಜನ ಮಾಡಿದರು. ಚೀನಾದ ಕೆಲವು ಮಾರಾಟ ತಾಣಗಳು ಲಕ್ಷಗಟ್ಟಲೆ ಪಾರ್ಸೆಲ್‌ಗಳನ್ನು ಗಿಫ್ಟ್ ಅಂತಲೇ ಕಳಿಸಿದವು. 2019ರ ಡಿಸೆಂಬರ್‌ನಲ್ಲಿ ಸರ್ಕಾರ ಆ ಬಾಗಿಲು ಮುಚ್ಚಿತು. ಈಗ ರಾಖಿ ಮತ್ತು ಜೀವ ಉಳಿಸುವ ಔಷಧಿ ಬಿಟ್ಟರೆ ಬೇರೆ ಉಡುಗೊರೆಗೆ ಆ ವಿನಾಯಿತಿ ಇಲ್ಲ. ನಾನು ಮಾಡಿದ್ದು ತಪ್ಪು. ಆ ತಪ್ಪನ್ನು ಮತ್ತೆ ಮಾಡಬಾರದು ಅಂತಲೇ ಈ ಸಲ ನೇರ ದಾರಿಯಲ್ಲಿ, ಬಿಲ್ ಸಮೇತ, ನನ್ನ ಹೆಸರಲ್ಲೇ ತರಿಸಿದೆ. ನೇರ ದಾರಿಯಲ್ಲಿ ಬಂದವರಿಗೇ ಹೀಗೆ ಬಾಗಿಲಲ್ಲಿ ನಿಂತು ಮೊತ್ತ ಹೇಳಿದರೆ, ಅಡ್ಡದಾರಿ ಹಿಡಿಯಿರಿ ಅಂತ ಹೇಳಿದ ಹಾಗಲ್ಲವಾ?

ಸ್ನೇಹಿತರೊಬ್ಬರಿಗೆ ಇದನ್ನು ಹೇಳಿದಾಗ, "ಸ್ವದೇಶಿ ತಂತಿ ಹಾಕಿ, ಹೊರಗಿಂದ ಯಾಕೆ ತರಿಸಬೇಕು?" ಅಂದರು. ಇಲ್ಲಿ ಸಿಗುವ ತಂತಿಯನ್ನೂ ನಾನು ಹಾಕಿಸುತ್ತೇನೆ. ಶುರುವಿನ ಮಕ್ಕಳಿಗೆಲ್ಲ ಅದೇ. ಆದರೆ ಪಿಟೀಲೇ ಯುರೋಪಿನಿಂದ ಬಂದದ್ದು. ಇನ್ನೂರು ವರ್ಷದ ಹಿಂದೆ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮ ಸಂಗೀತಕ್ಕೆ ತಂದರು. ನಮ್ಮ ಟಿ. ನರಸೀಪುರದ ಚೌಡಯ್ಯನವರು ಮೈಕ್ ಇಲ್ಲದ ಕಛೇರಿಯಲ್ಲಿ ಕೊನೆಯ ಸಾಲಿನವರಿಗೂ ಕೇಳಲಿ ಅಂತ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ವಾದ್ಯ ಎಲ್ಲಿಯದಾದರೂ ನಾದ ನಮ್ಮದು. ವಿಯೆನ್ನಾದ ಥೊಮಾಸ್ಟಿಕ್ ತಂತಿ, ಜರ್ಮನಿಯ ಪಿರಾಸ್ಟ್ರೋ ತಂತಿ ಎಷ್ಟೋ ವಿದ್ವಾಂಸರ ಪಿಟೀಲಿನಲ್ಲಿವೆ. ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತವೆ, ನಿಜ. ನನಗೆ ಬೇಕಾದ ಸೆಟ್ ಎರಡು ತಿಂಗಳಿಂದ ಇರಲಿಲ್ಲ, ಯಾವಾಗ ಬರುತ್ತೆ ಅಂತ ಅವರಿಗೂ ಗೊತ್ತಿರಲಿಲ್ಲ. ಪರೀಕ್ಷೆ ಕಾಯುವುದಿಲ್ಲ.

ಇನ್ನೊಬ್ಬರು, ಕಂಪನಿ ತನ್ನ ದುಡ್ಡು ಹಾಕಿ ತೆರಿಗೆ ಕಟ್ಟಿರುತ್ತೆ, ಅದಕ್ಕೆ ಶುಲ್ಕ ತಗೊಂಡರೆ ತಪ್ಪೇನು ಅಂದರು. ನನಗೆ ಸಾಲ ಕೊಡಿ ಅಂತ ನಾನು ಕೇಳಿರಲಿಲ್ಲ. ತೆರಿಗೆ ಇಷ್ಟು ಅಂತ ಒಂದು ಮೆಸೇಜ್ ಕಳಿಸಿದ್ದರೆ ಅದೇ ನಿಮಿಷ ಕಟ್ಟುತ್ತಿದ್ದೆ. 2,414 ರೂಪಾಯಿಯನ್ನು ಕೆಲವು ದಿನ ಮುಂಚೆ ಕಟ್ಟಿದ್ದಕ್ಕೆ, ಕಾಗದ ಪತ್ರ ನೋಡಿದ್ದಕ್ಕೆ 1,450 ತಗೊಳ್ಳುವುದು ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಸುಂಕ ಇಳಿಯಿತು, ಜಿಎಸ್‌ಟಿ ಇಳಿಯಿತು, ಆ ಲಾಭ ಮಕ್ಕಳ ಕೈಗೆ ಬರುವ ಬದಲು ನಡುವೆ ಎಲ್ಲೋ ನಿಂತುಹೋಗುತ್ತಿದೆ.

ಮೊದಲೇ ಹೇಳಲು ಆಗುವುದೇ ಇಲ್ಲ ಅನ್ನುವ ಮಾತನ್ನು ನಾನು ನಂಬುವುದಿಲ್ಲ. ಆಸ್ಟ್ರೇಲಿಯಾದಲ್ಲಿ 2018ರ ಜುಲೈಯಿಂದ ಸಾವಿರ ಡಾಲರ್‌ವರೆಗಿನ ಸಾಮಾನಿಗೆ ಅಲ್ಲಿನ ಜಿಎಸ್‌ಟಿಯನ್ನು ದೊಡ್ಡ ಮಾರಾಟಗಾರರೇ ಕೊಳ್ಳುವಾಗ ಸೇರಿಸಿ ತಗೊಳ್ಳುತ್ತಾರೆ. ಬ್ರಿಟನ್‌ನಲ್ಲಿ 2021ರಿಂದ 135 ಪೌಂಡ್‌ವರೆಗೆ ಹಾಗೇ. ಕೊಳ್ಳುವವರಿಗೆ ಪೂರ್ತಿ ಬೆಲೆ ಕಣ್ಣೆದುರಿಗೇ ಕಾಣುತ್ತದೆ.

ಅಷ್ಟು ದೂರ ಯಾಕೆ, ನಮ್ಮ ಅಂಚೆ ಕಚೇರಿಯನ್ನೇ ನೋಡಿ. ಅಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಅಮೆರಿಕದಲ್ಲಿ ಸುಂಕ ಇರಲಿಲ್ಲ. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ತೆಗೆದುಹಾಕಿದರು. ಆಗ ನಮ್ಮ ಅಂಚೆ ಇಲಾಖೆ ಸ್ವಲ್ಪ ದಿನ ಅಲ್ಲಿಗೆ ಪಾರ್ಸೆಲ್ ತಗೊಳ್ಳುವುದನ್ನೇ ನಿಲ್ಲಿಸಿತ್ತು. ಅಕ್ಟೋಬರ್ 15ಕ್ಕೆ ಮತ್ತೆ ಶುರು ಮಾಡಿದರು. ದೀಪಾವಳಿ ಮುಗಿದ ವಾರ ನಾನು ಅಕ್ಕನಿಗೆ ಒಂದು ಸೀರೆ ಕಳಿಸಿದೆ. ಕೌಂಟರ್‌ನಲ್ಲಿದ್ದ ಹೆಣ್ಣುಮಗಳು ಬೆಲೆ ಕೇಳಿ, ಅದರ ಅರ್ಧದಷ್ಟು ಸುಂಕ ಇಲ್ಲೇ ಕಟ್ಟಬೇಕು ಮೇಡಂ, ಕಳಿಸುತ್ತೀರಾ ಅಂದಳು. ಸುಂಕ ಜಾಸ್ತಿ ಅನ್ನಿಸಿತು. ಆದರೆ ಅವಳು ಕೇಳಿದಳು. ಕಳಿಸುವುದೋ ಬಿಡುವುದೋ ಅಂತ ನಿರ್ಧಾರ ಮಾಡಿದ್ದು ನಾನು. ಅಕ್ಕನ ಮನೆ ಬಾಗಿಲಲ್ಲಿ ಯಾರೂ ಒಂದು ಡಾಲರ್ ಕೇಳಲಿಲ್ಲ.

ಮುಂಚೆ ತಂತಿ ಸಾದಾ ಅಂಚೆಯಲ್ಲಿ ಬರುತ್ತಿತ್ತು. ನಿಧಾನ. ಆದರೆ ಪೋಸ್ಟ್‌ಮ್ಯಾನ್ ಸುಂಕದ ಚೀಟಿ ತೋರಿಸಿ, ದುಡ್ಡು ತಗೊಂಡು, ರಸೀದಿ ಕೊಟ್ಟು ಹೋಗುತ್ತಿದ್ದರು. ಅಂಚೆಯ ಶುಲ್ಕ ತೀರಾ ಕಮ್ಮಿ ಇರುತ್ತಿತ್ತು. ಈ ಸಲ ಆ ಅಂಗಡಿ ಕೊರಿಯರ್ ಬಿಟ್ಟು ಬೇರೆ ದಾರಿ ಕೊಡಲಿಲ್ಲ. ಸಾದಾ ಅಂಚೆಯಲ್ಲಿ ಭಾರತಕ್ಕೆ ತಂತಿ ಕಳಿಸುವ ಅಂಗಡಿ ನಿಮಗೆ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಆ ಕಂಪನಿಗೆ ಬಿಲ್ಲಿನ ಪ್ರತಿ ಇಟ್ಟು ಪತ್ರ ಬರೆದಿದ್ದೇನೆ, ಗ್ರಾಹಕರ ಸಹಾಯವಾಣಿ 1915ಕ್ಕೂ ದೂರು ಕೊಡುತ್ತೇನೆ.

ನಿನ್ನೆ ಸಂಜೆ ಆ ಹುಡುಗಿ ಬಂದಳು. ಹಳೆ ತಂತಿ ಬಿಚ್ಚಿ, ತಂತಿಗಳು ಕೂರುವ ಮರದ ಪಟ್ಟಿ, ಅಂದರೆ ಕುದುರೆ, ಅದನ್ನು ಒರೆಸಿ, ಹೊಸದು ಹಾಕಿದೆವು. ಹೊಸ ತಂತಿ ಎರಡು ಮೂರು ದಿನ ಎಳೆದುಕೊಳ್ಳುತ್ತಲೇ ಇರುತ್ತದೆ. ಬಿರಡೆ ತಿರುಗಿಸಿ ತಿರುಗಿಸಿ ಶ್ರುತಿ ಸೇರಿಸಿದಳು. ಮಂದ್ರ ಪಂಚಮದ ಮೇಲೆ ಕಮಾನು ಇಟ್ಟು ಉದ್ದಕ್ಕೆ ಎಳೆದಳು. ಆ ನಾದ ಕೇಳಿ ಅವಳ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. ಹೋಗುವಾಗ ಅವಳ ಅಮ್ಮ, "ಮೇಡಂ, ಕಸ್ಟಮ್ಸ್ ಏನಾದ್ರೂ ಬಂತಾ?" ಅಂತ ಕೇಳಿದರು. ಪರೀಕ್ಷೆ ಮುಗಿಯಲಿ, ಆಮೇಲೆ ನೋಡೋಣ ಅಂದೆ.