ಯಾವ ಲ್ಯಾಪ್‌ಟಾಪ್ ಒಳ್ಳೇದು ಮಾಷ್ಟ್ರೇ?

ಪ್ಲಸ್ ಟು ಫಲಿತಾಂಶ ಬಂದು ಕಾಲೇಜು ಸೇರುವ ಗಡಿಬಿಡಿ ಶುರುವಾಯಿತೆಂದರೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ನೀರ್ಚಾಲು ಕಡೆಯ ಅಪ್ಪಂದಿರಿಗೆಲ್ಲ ಇದೇ ಚಿಂತೆ. ಶಾಲೆಯ ಕಂಪ್ಯೂಟರ್ ಲ್ಯಾಬಿನ ಬೀಗದ ಕೈ ನನ್ನ ಹತ್ತಿರ ಇರುವುದರಿಂದ ಪ್ರಶ್ನೆ ಸುತ್ತಿ ಬಳಸಿ ನಮ್ಮ ಮನೆ ಜಗಲಿಗೇ ಬರುತ್ತದೆ. ಬರುವವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಮಂಗಳೂರಿನಲ್ಲಿ ಓದುವ ಅಣ್ಣನ ಮಗ ಒಂದು ಹೇಳಿರುತ್ತಾನೆ, ಬೆಂಗಳೂರಿನ ಭಾವ ಇನ್ನೊಂದು, ಅಂಗಡಿಯವರು ಮತ್ತೊಂದು. ನಾನು ಹೂಂ ಅನ್ನಬೇಕು, ಅಷ್ಟೆ.

ಅಂಗಳದಲ್ಲಿ ಕೂತು ಚೋಲು, ಪಟೋರ, ಉಳ್ಳಿ, ಕರಿಗೋಟು ಅಂತ ಅಡಿಕೆಯನ್ನು ಕಣ್ಣಲ್ಲೇ ಬೇರೆ ಮಾಡುವ ಮನುಷ್ಯ, ಲ್ಯಾಪ್‌ಟಾಪ್ ಅಂಗಡಿಗೆ ಹೋದರೆ ಇಂಟೆಲ್ ಪ್ರೊಸೆಸರಿನ ಐ3, ಐ5, ಐ7 ಎಂಬ ಸ್ಟಿಕ್ಕರ್ ಮಾತ್ರ ನೋಡುತ್ತಾನೆ. ಅಂಕೆ ದೊಡ್ಡದಾದರೆ ಮಾಲು ಒಳ್ಳೇದು ಅಂತ ಲೆಕ್ಕ. ಸ್ಟಿಕ್ಕರಿನಲ್ಲಿ ಇಲ್ಲದ ಬಾಲವೇ ಮುಖ್ಯ ಅಂತ ಯಾರೂ ಹೇಳಿರುವುದಿಲ್ಲ. ಐ5-8250ಯು ಅಂದರೆ ಎಂಟನೇ ತಲೆಮಾರಿನದು, ಐ3-1215ಯು ಅಂದರೆ ಹನ್ನೆರಡನೆಯದು. ಓಡುವುದರಲ್ಲಿ ಈ ಐ3ಯೇ ಆ ಐ5ಕ್ಕಿಂತ ಮುಂದೆ. ಕೊನೆಯ ಯು ಅಂದರೆ ಕರೆಂಟು ಕಡಿಮೆ ಕುಡಿಯುವ ಜಾತಿ. ಎಚ್ ಅಂತಿದ್ದರೆ ದುಡಿಮೆಯೂ ಜಾಸ್ತಿ, ಕುಡಿಯುವುದೂ ಜಾಸ್ತಿ. ಅಡಿಕೆಯಲ್ಲಾದರೆ ಹಳೆಯದಕ್ಕೇ ರೇಟು. ಇಲ್ಲಿ ಉಲ್ಟಾ ಅಂದಾಗ ಮಾತ್ರ ಅವರ ಮುಖದಲ್ಲಿ ಪೂರ್ತಿ ಬೆಳಕು ಬೀಳುತ್ತದೆ.

ನಾನು ಮೊದಲು ಕೇಳುವುದು ಬೇರೆ. ಮಗಳು ಕಾಲೇಜಿಗೆ ಹೋಗುವುದು ಹೇಗೆ? ಹಾಸ್ಟೆಲೋ, ದಿನಾ ಓಡಾಟವೋ? ಕುಂಬಳೆಯಿಂದಲೋ ಉಪ್ಪಳದಿಂದಲೋ ಬೆಳಗ್ಗಿನ ರೈಲಿಗೆ ಮಂಗಳೂರಿಗೆ ಹೋಗುವ ಮಕ್ಕಳನ್ನು ನೋಡಿದ್ದೀರಲ್ಲ. ಕೂರುವುದು ಬಿಡಿ, ಎರಡೂ ಕಾಲು ನೆಲಕ್ಕೆ ತಾಗಿದರೆ ಪುಣ್ಯ. ಬೆನ್ನಿನ ಚೀಲವನ್ನು ಎದೆಗೆ ತಿರುಗಿಸಿ, ಅಪ್ಪಿಕೊಂಡು ನಿಲ್ಲಬೇಕು. ಗೇಮ್ ಆಡುವ ಲ್ಯಾಪ್‌ಟಾಪುಗಳು ಎರಡು ಕಿಲೋ ದಾಟುವುದು ಸಾಮಾನ್ಯ, ಅದರ ಚಾರ್ಜರ್ ಒಂದು ಇಟ್ಟಿಗೆ. ಬುತ್ತಿ, ನೀರಿನ ಬಾಟಲಿ, ಕೊಡೆ ಬೇರೆ. ಒಂದೂವರೆ ಕಿಲೋದ ಆಸುಪಾಸಿನ ಹದಿನಾಲ್ಕು ಇಂಚಿನದಾದರೆ ಭುಜ ಉಳಿಯುತ್ತದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ, ಅವರು ರೈಲಿನಲ್ಲಿ ಬರುವವರಲ್ಲ.

ಏನು ಓದು ಅನ್ನುವುದು ಆಮೇಲೆ. ಬಿಎ, ಬಿಕಾಂ ಆದರೆ ಎಂಟು ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ (ಕಡತ ಇಡುವ ವೇಗದ ಡಿಸ್ಕ್) ಇದ್ದರೆ ಬೇಕಾದಷ್ಟಾಯಿತು. ಟ್ಯಾಲಿ ಹಾಕಲು ಐ7 ಬೇಡ ಮಾರಾಯ್ರೇ. ಇಂಜಿನಿಯರಿಂಗ್ ಆದರೆ ಹದಿನಾರು ಇರಲಿ. ಎಂಟರದ್ದೇ ತಗೊಂಡರೆ ಮುಂದೆ ಇನ್ನೊಂದು ಸೇರಿಸಲು ಒಳಗೆ ಜಾಗ ಉಂಟಾ ಕೇಳಬೇಕು, ಈಗಿನ ತೆಳ್ಳಗಿನವುಗಳಲ್ಲಿ ಬೆಸುಗೆ ಹಾಕಿಯೇ ಬಿಟ್ಟಿರುತ್ತಾರೆ. ಮೆಕ್ಯಾನಿಕಲ್ ಓದುವವಳಿಗೆ ಮ್ಯಾಕ್‌ಬುಕ್ ಮೇಲೆ ಎಷ್ಟೇ ಆಸೆ ಇದ್ದರೂ, ಯಂತ್ರದ ಭಾಗಗಳ ನಕ್ಷೆ ಮಾಡುವ ಸಾಲಿಡ್‌ವರ್ಕ್ಸ್ ಓಡುವುದು ವಿಂಡೋಸಿನಲ್ಲಿ ಮಾತ್ರ.

ಇನ್ನು ಕಾಸರಗೋಡಿನಲ್ಲಿ ಲ್ಯಾಪ್‌ಟಾಪ್ ಅಂದರೆ ಗಲ್ಫಿನ ಮಾತು ಬಾರದೆ ಇರುತ್ತದೆಯೇ? "ದುಬಾಯಿಂದ ಮಾವ ಬರ್ತಾರೆ, ಅಲ್ಲಿ ಕಮ್ಮಿಯಂತೆ." ಕಮ್ಮಿ ಇದ್ದೀತು. ನಮ್ಮ ಲ್ಯಾಬಿಗೆ ಒಬ್ಬ ಹಳೆ ವಿದ್ಯಾರ್ಥಿನಿ ಅಂಥದ್ದೊಂದು ತಂದಿದ್ದಳು. ಚಾರ್ಜರಿನ ಪಿನ್ನುಗಳು ಚಪ್ಪಟೆ, ಮೂರೂ ದಪ್ಪ. ನಮ್ಮ ಗೋಡೆಯ ಗುಂಡು ತೂತಿಗೆ ಹೋಗುವುದಿಲ್ಲ. ನಡುವೆ ಒಂದು ಬಿಳಿ ಅಡಾಪ್ಟರ್, ಅದರ ಭಾರಕ್ಕೆ ಎಲ್ಲ ಸೇರಿ ಜಾರಿ ಜಾರಿ ಬೀಳುವುದು. ಬೀಳದಿರಲಿ ಅಂತ ಕೆಳಗೆ ಎರಡು ಪಾಠಪುಸ್ತಕ ಒಟ್ಟಿ ಇಟ್ಟಿದ್ದಳು. ಕೀಲಿಮಣೆಯಲ್ಲಿ ಇಂಗ್ಲಿಷಿನ ಪಕ್ಕ ಅರಬಿ ಅಕ್ಷರ. ಅದರ ಮೇಲೆ ಇವಳು ಭಾರತೀಯ ಭಾಷೆಗಳ ಕೀಲಿ ವಿನ್ಯಾಸವಾದ ಇನ್‌ಸ್ಕ್ರಿಪ್ಟಿನಲ್ಲಿ ಸರಾಗ ಕನ್ನಡ ಹೊಡೆಯುತ್ತಾಳೆ, ಪಕ್ಕದ ಗೆಳತಿಯ ಜೊತೆ ಮಲೆಯಾಳದಲ್ಲಿ ಹರಟುತ್ತಾಳೆ, ನಡುವೆ ಮನೆಯಿಂದ ಫೋನ್ ಬಂದರೆ ತುಳು. ನೋಡಲು ಚಂದವೇ. ಆದರೆ ಕೆಲವು ಕಂಪನಿಗಳ ವಾರಂಟಿ ಕೊಂಡ ದೇಶದಲ್ಲಿ ಮಾತ್ರ. ಸ್ಕ್ರೀನಿಗೆ ಗೆರೆ ಬಂದರೆ ಮಾವನ ಮುಂದಿನ ರಜೆಯವರೆಗೆ ಕಾಯಬೇಕು. ಬಿಲ್ಲು ತರಿಸಿ, ಇಲ್ಲಿ ವಾರಂಟಿ ನಡೆಯುತ್ತದಾ ಕೇಳಿ, ಆಮೇಲೆ ಮಾವನಿಗೆ ಹೇಳಿ ಅನ್ನುತ್ತೇನೆ.

ಸೆಕೆಂಡ್ ಹ್ಯಾಂಡಿನ ಬಗ್ಗೆ ನನಗೆ ತಕರಾರಿಲ್ಲ. ಹಣ ಇಲ್ಲದವರು ತಗೊಳ್ಳಲೇಬೇಕು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಇಂಟೆಲಿನ ಎಂಟನೇ ತಲೆಮಾರಿಗಿಂತ ಹಿಂದಿನವುಗಳಲ್ಲಿ ಹೆಚ್ಚಿನವಕ್ಕೆ ವಿಂಡೋಸ್ 11 ಅಧಿಕೃತವಾಗಿ ಹೋಗುವುದಿಲ್ಲ. ಅಂಥವು ಈಗ ಒರೆಸಿ ಹೊಳಪು ಮಾಡಿಸಿಕೊಂಡು ಅಗ್ಗಕ್ಕೆ ಕೂತಿವೆ.

ಹಾಗಂತ ಅವನ್ನು ಎಸೆಯಬೇಕಾಗಿಲ್ಲ, ನಮ್ಮ ಮಕ್ಕಳ ಮಟ್ಟಿಗಂತೂ ಇಲ್ಲ. ಕೇರಳದ ಶಾಲೆಗಳಲ್ಲಿ ಐಟಿ ಪಾಠ ನಡೆಯುವುದೇ ವಿಂಡೋಸಿನ ಬದಲು ಪುಕ್ಕಟೆ ಸಿಗುವ ಲಿನಕ್ಸಿನಲ್ಲಿ. ಅದರದೇ ಒಂದು ರೂಪವಾದ ಉಬುಂಟುವನ್ನು ಆಧರಿಸಿ, ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ಸರ್ಕಾರದ ಕೈಟ್ ಸಂಸ್ಥೆ ತಯಾರು ಮಾಡಿದ್ದು. ಕನ್ನಡ ಮಾಧ್ಯಮದವರಿಗೆ ಐಟಿಯ ಪಾಠಪುಸ್ತಕ ಕನ್ನಡದಲ್ಲೇ ಉಂಟು. ಹೈಸ್ಕೂಲಿನಲ್ಲೇ ಜಿಯೋಜೀಬ್ರಾ, ಇಂಕ್‌ಸ್ಕೇಪ್, ಲಿಬ್ರೆ ಆಫೀಸ್ ಎಲ್ಲ ಕೈಯಾಡಿಸಿದ ಹುಡುಗಿ, ಗಡಿ ದಾಟಿ ಮಂಗಳೂರಿನ ಕಾಲೇಜಿಗೆ ಹೋದ ದಿನ "ನಂಗೆ ಕಂಪ್ಯೂಟರ್ ಬರುದಿಲ್ಲ" ಅನ್ನುತ್ತಾಳೆ. ಯಾಕೆ ಅಂದರೆ ಅಲ್ಲಿಯ ಲ್ಯಾಬಿನಲ್ಲಿ ವಿಂಡೋಸ್! ಇದು ನನಗೆ ಸಿಟ್ಟು ಬರಿಸುವ ವಿಷಯ. ಹಳೆ ಲ್ಯಾಪ್‌ಟಾಪಿಗೆ ಒಂದು ಎಸ್‌ಎಸ್‌ಡಿ ಹಾಕಿ ಉಬುಂಟು ಕೂರಿಸಿದರೆ ಬಿಎ ಓದು ಆರಾಮವಾಗಿ ಮುಗಿಯುತ್ತದೆ. ಹೇಳಿದರೆ ಅಪ್ಪಂದಿರು ನಂಬುವುದಿಲ್ಲ. ಪುಕ್ಕಟೆ ಸಿಗುವುದು ಒಳ್ಳೇದಿರಲು ಹೇಗೆ ಸಾಧ್ಯ, ಅಲ್ವಾ?

ಬ್ಯಾಟರಿಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಹಟ ಮಾಡುತ್ತೇನೆ. ತುಲಾ ತಿಂಗಳಲ್ಲಿ, ಅಂದರೆ ಅಕ್ಟೋಬರ್-ನವೆಂಬರಿನಲ್ಲಿ, ಬೆಳಗ್ಗೆ ಸುಡು ಬಿಸಿಲು, ಮಧ್ಯಾಹ್ನ ಕಳೆದರೆ ಗುಡುಗು. ಮೊದಲ ಗುಡುಗಿಗೇ ಅಮ್ಮಂದಿರು ಅಡುಗೆ ಮನೆಯಿಂದ ಓಡಿ ಬಂದು ಟಿವಿ, ಮೋಡೆಮ್, ಫ್ರಿಡ್ಜು ಎಲ್ಲದರ ಪಿನ್ನು ಕೀಳುತ್ತಾರೆ. ಚಾರ್ಜರನ್ನೂ ಬಿಡುವುದಿಲ್ಲ, ಬಿಡಲೂಬಾರದು. ಅದಾಗಿ ಕರೆಂಟು ತಾನಾಗೇ ಹೋಗುತ್ತದೆ. ರಾತ್ರಿ ಹನ್ನೆರಡಕ್ಕೆ ಅಸೈನ್‌ಮೆಂಟ್ ಕಳಿಸಲು ಕೊನೆಯ ಗಳಿಗೆ ಅಂತ ಗುಡುಗಿಗೆ ಗೊತ್ತಿಲ್ಲವಲ್ಲ. ಡಬ್ಬದ ಮೇಲೆ ಬ್ಯಾಟರಿ ಎಷ್ಟು ವ್ಯಾಟ್ ಅವರ್, ಅಂದರೆ ಎಷ್ಟು ಕರೆಂಟು ಹಿಡಿಯುತ್ತದೆ, ಅಂತ ಬರೆದಿರುತ್ತದಾ ನೋಡಿ. ಅಗ್ಗದವುಗಳಲ್ಲಿ ನಲವತ್ತರ ಆಚೀಚೆ, ಐವತ್ತು ದಾಟಿದರೆ ಬೇಡ ಅನ್ನಬೇಡಿ. ಕೀಲಿಯ ಕೆಳಗೆ ಬೆಳಕು ಇದ್ದರೆ ಇನ್ನೂ ಒಳ್ಳೇದು. ಮಗಳು ಅದನ್ನು ಕೇಳುವುದು ಚಂದಕ್ಕೆ, ನಾನು ಹೂಂ ಅನ್ನುವುದು ಕತ್ತಲೆಗೆ.

ಇಷ್ಟೆಲ್ಲ ಕೇಳಿಸಿಕೊಂಡು, ಚಾ ಕುಡಿದು, ಎದ್ದು ಮೆಟ್ಟಿಲಿಳಿಯುವಾಗ ಒಬ್ಬರು ಕೇಳಿದರು: "ಬ್ಯಾಗ್ ಫ್ರೀ ಕೊಡ್ತಾರಲ್ವಾ ಮಾಷ್ಟ್ರೇ?"

ಕೊಡ್ತಾರೆ. ಆಟಿಯ ಮಳೆಗೆ ಆ ಬ್ಯಾಗ್ ಸಾಕಾಗುವುದಿಲ್ಲ. ಒಳಗೊಂದು ದಪ್ಪ ಪ್ಲಾಸ್ಟಿಕ್ ಕವರ್ ಹಾಕಿ ಕೊಡಿ.