1900ರ ಎದುರು 1500

ತುಮಕೂರಿನಲ್ಲಿ ಬೇಸಿಗೆ ರಜೆಗೊಂದು ಚೆಸ್ ಟೂರ್ನಿ ನಡೆದು 120 ಮಂದಿ ಸೇರಿದರು ಅನ್ನಿ. ಸೋತವರನ್ನು ಹೊರಹಾಕದೆ ಸುತ್ತು ಸುತ್ತಿಗೂ ಸಮ ಅಂಕದವರನ್ನು ಜೋಡಿಸುವ ಸ್ವಿಸ್ ಪದ್ಧತಿಯ ತಮಾಷೆ ಮೊದಲ ಸುತ್ತಿನಲ್ಲೇ ಶುರು. ರೇಟಿಂಗ್, ಅಂದರೆ ಆಟಗಾರರ ಬಲ ಅಳೆಯುವ ಅಂಕದ ಪ್ರಕಾರ ಸಾಲು ಹಚ್ಚಿ, ನಡುವೆ ಮುರಿದು, 1ನೆಯವರಿಗೆ 61ನೆಯವರನ್ನು, 2ನೆಯವರಿಗೆ 62ನೆಯವರನ್ನು ಗಂಟುಹಾಕುತ್ತಾರೆ. ಪೇರಿಂಗ್ ಹಾಳೆ ಗೋಡೆಗೇರಿದೊಡನೆ ಎಲ್ಲರ ಕಣ್ಣು ಎದುರಾಳಿಯ ರೇಟಿಂಗಿನ ಮೇಲೆ. 1900 ಎಂದು ಕಂಡರೆ 1500ರ ಹುಡುಗಿಯ ಅರ್ಧ ಆಟ ಅಲ್ಲೇ ಮುಗಿಯುತ್ತದೆ.

ಲೆಕ್ಕ ಹೇಳುವುದೇ ಬೇರೆ. ಗೆದ್ದರೆ 1, ಡ್ರಾ ಆದರೆ ಅರ್ಧ ಅಂಕ. 400ರ ಅಂತರವಿದ್ದರೆ ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ಕೋಷ್ಟಕ ಅವಳಿಂದ ನಿರೀಕ್ಷಿಸುವುದು ಬರೀ 0.08 ಅಂಕ. ಫಲಿತಾಂಶಕ್ಕೂ ನಿರೀಕ್ಷೆಗೂ ಇರುವ ವ್ಯತ್ಯಾಸವನ್ನು ಕೆ-ಗುಣಕದಿಂದ ಗುಣಿಸಿದರೆ ರೇಟಿಂಗಿನ ಏರಿಳಿತ; ಹದಿನೆಂಟರೊಳಗಿನವಳಾದ್ದರಿಂದ ಅವಳ ಗುಣಕ 40. ಸೋತರೆ ಹೋಗುವುದು 3.2, ಡ್ರಾ ಆದರೆ ಬರುವುದು 16.8. ಎದುರು ಕೂತ 1900ರ ಆಟಗಾರ ಒಬ್ಬ ಮೇಷ್ಟ್ರು ಅನ್ನಿ, ಅವರ ಗುಣಕ 20. ಗೆದ್ದರೆ 1.6 ಸಿಕ್ಕೀತು, ಡ್ರಾ ಆದರೆ 8.4 ಖೋತಾ. ಬೆವರಬೇಕಾದವರು ಮೇಷ್ಟ್ರು.

ಆದರೂ ಬೆವರುವವಳು ಅವಳೇ. ಕಾಯಿ ಕಮ್ಮಿಯಾದಷ್ಟೂ ಡ್ರಾ ಹತ್ತಿರ ಎಂದು ನಂಬಿ ಸಿಕ್ಕಿದ್ದನ್ನೆಲ್ಲ ಹೊಡೆದಾಡಿ ಖಾಲಿ ಮಾಡುತ್ತಾಳೆ. ಅವಳು ಹೊಡೆದಾಗಲೆಲ್ಲ ಮರಳಿ ಹೊಡೆಯುವ ನೆಪದಲ್ಲಿ ಮೇಷ್ಟ್ರ ಇನ್ನೊಂದು ಕಾಯಿ ಪುಕ್ಕಟೆಯಾಗಿ ಒಳ್ಳೆಯ ಮನೆಗೆ ಬಂದು ಕೂರುತ್ತದೆ. ಕೊನೆಗೆ ಉಳಿಯುವುದು ಅಂತ್ಯದಾಟ. ಆ 400 ಅಂಕದ ಅಂತರ ಹೆಚ್ಚಾಗಿ ಅಡಗಿರುವುದೇ ಅಲ್ಲಿ. ಒಂದು ಪಾನ್ (ಕಾಲಾಳು) ಹಿಂದಿದ್ದರೆ ಖಾಲಿ ಮಾಡಬೇಕಾದದ್ದು ಪಾನ್‌ಗಳನ್ನು. ಆನೆ ಮತ್ತು ಒಂದೇ ಪಾನಿನ ಎದುರು ಬರೀ ಆನೆ ಉಳಿದರೂ ದಾರಿಯಿದೆ, ಹದಿನೆಂಟನೇ ಶತಮಾನದ ಫ್ರೆಂಚ್ ಆಟಗಾರ ಫಿಲಿಡೋರ್ ತೋರಿಸಿಟ್ಟಿದ್ದಾನೆ: ಪಾನಿನ ದಾರಿಗೆ ರಾಜ ಅಡ್ಡ ನಿಲ್ಲಲಿ, ಆನೆ ತನ್ನ ಕಡೆಯಿಂದ ಮೂರನೇ ಸಾಲು ಕಾಯಲಿ, ಪಾನ್ ಆ ಸಾಲಿಗೆ ಕಾಲಿಟ್ಟೊಡನೆ ಆನೆ ದೂರದ ತುದಿಗೆ ಹೋಗಿ ಹಿಂದಿನಿಂದ ಚೆಕ್ ಕೊಡುತ್ತಲೇ ಇರಲಿ. ಕೆಡುವುದು ಗಾಬರಿಯಿಂದ. ಆನೆಯನ್ನು ಮೊದಲೇ ಒಂದನೇ ಸಾಲಿಗೆ ಎಳೆದುಕೊಂಡರೆ ಅದು ಅಲ್ಲೇ ಬಂದಿ.

ಮೇಷ್ಟ್ರ ರೋಗ ಬೇಸರ. ನಡೆ ಇಟ್ಟು, ಗಡಿಯಾರ ಒತ್ತಿ, ಪಕ್ಕದ ಬೋರ್ಡುಗಳ ಪ್ರದಕ್ಷಿಣೆಗೆ ಹೊರಡುತ್ತಾರೆ. ಸಮಬಲದ ಸ್ಥಿತಿಯಲ್ಲಿ ಮೂರನೇ ಸಲ ಅದೇ ಸ್ಥಾನ ಬರುವಂತಾದರೆ, ಈ ಮಗುವಿನ ಜೊತೆ ಡ್ರಾನೇ ಎಂದು ಬೇರೆ ನಡೆ ಹುಡುಕಿ ಹಳ್ಳಕ್ಕೆ ಬೀಳುತ್ತಾರೆ. ಸುಮ್ಮನೆ ಕಾಯುತ್ತಾ ಒಂದೊಂದೇ ಕಾಯಿ ಸರಿಪಡಿಸಿಕೊಂಡಿದ್ದರೆ ತಪ್ಪು ಅವಳಿಂದಲೇ ಬರುತ್ತಿತ್ತು.

ಡ್ರಾ ಕೇಳುವುದಕ್ಕೂ ಕ್ರಮವಿದೆ: ನಡೆ ಇಟ್ಟು, ಕೇಳಿ, ಆಮೇಲೆ ಗಡಿಯಾರ ಒತ್ತಬೇಕು. ಐದೈದು ನಡೆಗೊಮ್ಮೆ ಕೇಳುತ್ತಿದ್ದರೆ ಅದು ಕಿರಿಕಿರಿ ಎಂದು ಮೇಷ್ಟ್ರು ಅರ್ಬಿಟರಿಗೆ (ತೀರ್ಪುಗಾರರಿಗೆ) ದೂರಬಹುದು, ಶಿಕ್ಷೆಯೂ ಆಗಬಹುದು. ಕೇಳಲು ನಾಚಬೇಕಿಲ್ಲದ್ದು ಬೇರೊಂದಿದೆ. ಆಟ ಮುಗಿದು ಸ್ಕೋರ್‌ಶೀಟಿಗೆ ಸಹಿ ಬಿದ್ದ ಮೇಲೆ, "ಸರ್, ಎಲ್ಲಿ ಕೆಟ್ಟಿತು?" ಅನ್ನಬೇಕು. ತಟ್ಟೆ ಇಡ್ಲಿಗೆ ಹೊರಟವರೂ ಸಭಾಂಗಣದಾಚೆ ಬೋರ್ಡು ಹರಡಿ ಅರ್ಧ ಗಂಟೆ ಕೂರುತ್ತಾರೆ. ಗೆದ್ದಿದ್ದರಂತೂ ಇನ್ನೂ ಹೆಚ್ಚು.