ಥಾರ್ಗಾಯ್ಡ್ ಹೆಸರು ಹೇಳಿಕೊಂಡರೆ ದೌರ್ಜನ್ಯ ರೋಲ್‌ಪ್ಲೇ ಆಗಿಬಿಡುತ್ತಾ?

ಆಟದಲ್ಲಿ ನಮ್ಮ ತಂಡದ ಹುಡುಗನನ್ನ ಒಬ್ಬ ಸುಮ್ಮಸುಮ್ಮನೆ ಹೊಡೆದು, ಅದು ರೋಲ್‌ಪ್ಲೇ, ಅಂದ್ರೆ ಪಾತ್ರ ಹಾಕಿ ಆಡೋದು ಅಂತ ಹೇಳಿ ನಾಲ್ಕು ದಿನ ಆಯ್ತು. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಕಾದೆ, ಇಳೀತಾ ಇಲ್ಲ. ಬರೆದೇ ಬಿಡ್ತೀನಿ.

ಎಲೀಟ್ ಡೇಂಜರಸ್ ಅನ್ನೋ ಬಾಹ್ಯಾಕಾಶ ಹಡಗುಗಳ ಆನ್‌ಲೈನ್ ಆಟ ಆಡೋರಿಗೆ ಮೆರೋಪೆ ಗೊತ್ತಿರುತ್ತೆ. ಕೃತ್ತಿಕಾ ನಕ್ಷತ್ರಪುಂಜದ ಸಿಸ್ಟಮ್. ಅಲ್ಲಿನ 5 ಸಿ ಅನ್ನೋ ಉಪಗ್ರಹದ ಮೇಲೆ 2016ರ ಜನವರಿಯಲ್ಲಿ ಆಟಗಾರರು ಮೊದಲ ಬಾರ್ನಕಲ್ ಕಂಡರು. ಬಂಜರು ನೆಲದಿಂದ ಮುಳ್ಳುಮುಳ್ಳಾಗಿ ಎದ್ದು ನಿಂತ, ಗಿಡವೋ ಯಂತ್ರವೋ ಹೇಳೋಕಾಗದ ವಸ್ತು. ಅದರಿಂದ ಸಿಗೋ ಮೆಟಾ-ಅಲಾಯ್ ಅನ್ನೋ ವಸ್ತುವಿಗೂ ಥಾರ್ಗಾಯ್ಡ್ ಅನ್ನೋ ಅನ್ಯಗ್ರಹ ಜೀವಿಗಳಿಗೂ ಇರೋ ನಂಟೇ ಆಮೇಲಿನ ಇಡೀ ಕತೆಗೆ ಬೇರು.

ನಮ್ಮ ತಂಡಕ್ಕೆ ಹೊಸದಾಗಿ ಬಂದ ಹುಡುಗನಿಗೆ ಇದರ ಹುಚ್ಚು. ಆಟದೊಳಗಿನ ಮಾಹಿತಿಕೋಶ ಕೋಡೆಕ್ಸ್‌ನಲ್ಲಿರೋದನ್ನೆಲ್ಲ ಓದಿ ಮುಗಿಸಿದ್ದ. ಮೂರು ವಾರ ಒಬ್ಬನೇ ಆಸ್ಪ್ ಎಕ್ಸ್‌ಪ್ಲೋರರ್ ಹಡಗಿನಲ್ಲಿ ಹೊರಗೆ ಸುತ್ತಿ, ಯಾರೂ ಕಾಲಿಡದ ಸಿಸ್ಟಮ್‌ಗಳನ್ನೆಲ್ಲ ಸ್ಕ್ಯಾನ್ ಮಾಡಿಕೊಂಡು ವಾಪಸ್ ಬರ್ತಾ ಇದ್ದ. ಅದರಲ್ಲಿ ಭೂಮಿಯಂಥ ಒಂದು ನೀಲಿ ಗ್ರಹವೂ ಸಿಕ್ಕಿತ್ತು. ಡೇಟಾ ಮಾರಿದ ಕೂಡಲೇ ಅದರ ಮೇಲೆ ಮೊದಲು ಕಂಡವನು ಅಂತ ಅವನ ಹೆಸರು ಬೀಳೋದಿತ್ತು. ಮಾರೋಕೆ ಮುಂಚೆ ಬಾರ್ನಕಲ್ ನೋಡಿಕೊಂಡು ಹೋಗೋಣ ಬಾ ಅಂದವನು ನಾನೇ. ಆ ಮಾತು ಈಗಲೂ ಚುಚ್ಚುತ್ತೆ.

ಇಬ್ಬರೂ ಇಳಿದ್ವಿ. ಹುಡುಗ ಎಸ್‌ಆರ್‌ವಿಯಲ್ಲಿ (ನೆಲದ ಮೇಲೆ ಓಡಿಸೋ ಗಾಡಿ) ಕೂತು ಆ ಮುಳ್ಳುಗಳ ಸುತ್ತ ಎಷ್ಟು ಸುತ್ತು ಹೊಡೆದನೋ. ದೀಪ ಆರಿಸಿ ನೋಡ್ತಾನೆ, ಮತ್ತೆ ಹಚ್ಚಿ ನೋಡ್ತಾನೆ. ಮೆಟಾ-ಅಲಾಯ್ ಕಿತ್ತುಕೊಳ್ಳು ಅಂದ್ರೆ, "ಬೇಡ ಅಣ್ಣಾ, ಇರಲಿ ಬಿಡಿ, ಅವರದ್ದು" ಅಂದ. ಆಮೇಲೆ ಹಡಗು ಹತ್ತಿ ಮೇಲೇಳ್ತಾ ಇದ್ದ ಹಾಗೇ ಇನ್ನೊಬ್ಬ ಆಟಗಾರನ ಫರ್-ಡಿ-ಲ್ಯಾನ್ಸ್ ಅನ್ನೋ ಯುದ್ಧ ಹಡಗು ಬಂದು ಹೊಡೀತು. ಎಚ್ಚರಿಕೆ ಇಲ್ಲ, ಒಂದು ಮಾತಿಲ್ಲ. ದೂರ ಹೋಗೋ ಹಡಗು ಅಂತ ತೂಕ ಇಳಿಸಿ, ಇದ್ದೂ ಇಲ್ಲದಂಥ ಶೀಲ್ಡ್ ಹಾಕಿಕೊಂಡಿದ್ದ. ನಾನು ತಿರುಗಿ ಗುರಿ ಹಿಡಿಯೋಷ್ಟರಲ್ಲಿ ಕತೆ ಮುಗಿದಿತ್ತು. ಹಡಗಿನ ಬೆಲೆಯ ಶೇಕಡಾ 5 ಕೊಟ್ಟರೆ ಇನ್ಶೂರೆನ್ಸ್‌ನಲ್ಲಿ ಹಡಗು ಮರಳಿ ಬರುತ್ತೆ. ಮಾರದ ಡೇಟಾ ಬರಲ್ಲ. ಮೂರು ವಾರ, ಆ ನೀಲಿ ಗ್ರಹ, ಎಲ್ಲ ಹೋಯ್ತು.

ಮೈಕ್‌ನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಕೇಳಿದ: "ಅಣ್ಣಾ, ನಾನೇನಾದ್ರೂ ತಪ್ಪು ಮಾಡಿದ್ನಾ?"

ಯಾಕಪ್ಪಾ ಹೀಗೆ ಮಾಡಿದೆ ಅಂತ ಚಾಟ್‌ನಲ್ಲಿ ಕೇಳಿದ್ದಕ್ಕೆ ಆ ಮಹಾನುಭಾವ ಬರೆದಿದ್ದು: ನಾನು ಥಾರ್ಗಾಯ್ಡ್‌ಗಳ ಸೇವಕ, ಇದು ಪವಿತ್ರ ನೆಲ, ರೋಲ್‌ಪ್ಲೇ ಅರ್ಥ ಆಗದಿದ್ರೆ ಒಬ್ಬರೇ ಆಡೋ ಸೋಲೋ ಮೋಡ್‌ಗೆ ಹೋಗಿ ಅಳಿ.

ಸೇವಕನಂತೆ! ಅಷ್ಟು ಹೊತ್ತಿಗೆ ಅವನ ಹಡಗಿನ ಸ್ಕ್ಯಾನ್ ಮುಗಿದು ಆಯುಧಗಳ ಪಟ್ಟಿ ನನ್ನ ಮುಂದೆ ಬಂದಿತ್ತು. ಗಾರ್ಡಿಯನ್ ಪ್ಲಾಸ್ಮಾ ಚಾರ್ಜರ್. ಗಾರ್ಡಿಯನ್! ಲಕ್ಷಾಂತರ ವರ್ಷ ಹಿಂದೆ ಥಾರ್ಗಾಯ್ಡ್‌ಗಳ ಜೊತೆ ಯುದ್ಧ ಮಾಡಿದ ಜನಾಂಗದ ಆಯುಧ. ಆ ತಂತ್ರಜ್ಞಾನದ ವಾಸನೆ ಬಡಿದರೇ ಥಾರ್ಗಾಯ್ಡ್ ಹಡಗುಗಳು ಕೆರಳಿ ಮೇಲೆ ಬೀಳ್ತವೆ. ಇವನು ಅದನ್ನೇ ಹೊತ್ತುಕೊಂಡು ಅವುಗಳ ಹೆಸರಲ್ಲಿ ಪೂಜಾರಿಕೆ ಮಾಡ್ತಾನೆ. ಕತೆಯ ಮೊದಲ ಸಾಲೂ ಓದದವನು, ಮೆಟಾ-ಅಲಾಯ್ ಮುಟ್ಟದೆ ಬಂದ ಹುಡುಗನನ್ನ ಹೊಡೆದು ಕತೆಯ ಪಾಠ ಹೇಳ್ತಾನೆ.

ಥಾರ್ಗಾಯ್ಡ್ ಪರ ನಿಲ್ಲೋ ಪಾತ್ರ ತಪ್ಪು ಅಂತ ನಾನು ಹೇಳ್ತಾ ಇಲ್ಲ. ಅದಕ್ಕೆ ಕಾರಣ ಕತೆಯಲ್ಲೇ ಬೇಕಾದಷ್ಟಿದೆ. ಐಎನ್‌ಆರ್‌ಎ ಅನ್ನೋ ಮನುಷ್ಯರ ಸೇನಾ ಸಂಘಟನೆ ಥಾರ್ಗಾಯ್ಡ್‌ಗಳ ಮೇಲೆ ಮೈಕಾಯ್ಡ್ ಅನ್ನೋ ಜೈವಿಕ ಅಸ್ತ್ರ ಬಿಟ್ಟಿದ್ದು ಮನುಷ್ಯರ ಪಾಪ. 2017ರ ಜನವರಿಯಲ್ಲಿ ಮೊದಲ ಮುಖಾಮುಖಿ ಆದಾಗ ಏನಾಯ್ತು ನೆನಪಿಸಿಕೊಳ್ಳಿ. ಜಿಗಿತದ ಮಧ್ಯೆ ಹಡಗನ್ನ ಎಳೆದು ನಿಲ್ಲಿಸಿದರು, ಪವರ್ ಆರಿತು, ದಳ ಬಿಚ್ಚಿದ ಹೂವಿನಂಥ ಆ ಹಡಗು ಹತ್ತಿರ ಬಂದು, ಬೆಳಕು ಹಾಯಿಸಿ ನೋಡಿ, ಹೊರಟುಹೋಯ್ತು. ಭಾಷೆಯೇ ಗೊತ್ತಿಲ್ಲದ ಜೀವಿಗಳು ಹೊಡೆಯೋಕೆ ಮುಂಚೆ ನೋಡಿದವು. ಆಮೇಲೆ 2022ರ ಕೊನೆಗೆ ಟೈಟನ್ ಅನ್ನೋ ಅವರ ಎಂಟು ದೈತ್ಯ ತಾಯಿಹಡಗುಗಳು ಬಂದವು (ಎಂಟಕ್ಕೂ ಸಿಡಿಲಿನ ದೇವರ ಹೆಸರು, ಒಂದು ನಮ್ಮ ಇಂದ್ರ), ಎರಡು ವರ್ಷ ಯುದ್ಧ ಆಯ್ತು, ಕೊನೆಯ ಕೊಸಿಜೋ ಸೂರ್ಯಮಂಡಲದವರೆಗೂ ಬಂತು. ಅದರಲ್ಲಿ ಯಾರ ಪಕ್ಷ ಬೇಕಾದ್ರೂ ಹಿಡಿಯಬಹುದು. ಇವನೂ ಹಿಡಿಯಲಿ. ಎದುರಿಗೆ ಬಂದು, "ಇದು ಅವರ ನೆಲ, ತಗೊಂಡಿದ್ದು ಕೆಳಗಿಟ್ಟು ಹೋಗು" ಅಂತ ಒಂದು ಸಾಲು ಬರೆದಿದ್ರೆ ಆ ಹುಡುಗ ಕುಣಿದಾಡಿಬಿಡ್ತಿದ್ದ. ಜೀವನಪೂರ್ತಿ ಹೇಳಿಕೊಂಡು ತಿರುಗೋನು. ಸೋತಿದ್ರೂ ಕತೆ ಸಿಗ್ತಿತ್ತು.

ಕಳೆದ ವರ್ಷ ಒಬ್ಬ ಕಡಲ್ಗಳ್ಳನ ಪಾತ್ರದವನು ನನ್ನನ್ನ ಹಿಡಿದ. ಸ್ಕ್ಯಾನ್ ಮಾಡಿದ, ಇಪ್ಪತ್ತು ಟನ್ ಕೆಳಗೆ ಹಾಕು ಅಂದ, ಹಾಕಿದೆ, ದಾರಿ ಬಿಟ್ಟ. ಸರಕು ಹೋಯ್ತು, ಬೇಜಾರೇ ಆಗಲಿಲ್ಲ. 2017ರ ಏಪ್ರಿಲ್‌ನಲ್ಲಿ ಆಟದ ಕತೆಯ ಸಲೋಮೆ ಅನ್ನೋ ಪಾತ್ರವನ್ನ ಕಾವಲಿಗೆ ಬಂದವನ ಸೋಗಿನಲ್ಲೇ ಕೊಂದರಲ್ಲ, ಅದನ್ನೂ ನಾನು ಒಪ್ತೀನಿ. ಮೋಸ ಹೌದು, ಆದರೆ ಆ ಕೊಲೆ ಕತೆಯ ಒಳಗೇ ನಡೀತು. ಕೊಲ್ಲೋಕೆ ಬರ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು.

ಎಲ್ಲರೂ ಒಟ್ಟಿಗೆ ಆಡೋ ಓಪನ್ ಮೋಡ್‌ನಲ್ಲಿ ಹೊಡೆಯೋದು ನಿಯಮದ ಪ್ರಕಾರ ತಪ್ಪಲ್ಲ ಅಂತ ಈಗಾಗಲೇ ನಾಲ್ಕು ಜನ ಹೇಳಿದ್ದಾರೆ. ಗೊತ್ತು ಸ್ವಾಮಿ. ಹೊಡೆಯೋದು ನನಗಿಷ್ಟ ಅಂತ ನೇರವಾಗಿ ಹೇಳಲಿ, ಬ್ಲಾಕ್ ಮಾಡಿ ಸುಮ್ಮನಾಗ್ತೀನಿ. ನಾವು ವರ್ಷಗಟ್ಟಲೆ ಪ್ರೀತಿಯಿಂದ ಓದಿಕೊಂಡು ಬಂದ ಕತೆಯನ್ನ ಕೊಳಕು ಕೈ ಒರೆಸೋ ಬಟ್ಟೆ ಮಾಡಿಕೊಳ್ಳೋದು ಬೇಡ. ಬ್ಲಾಕ್ ಮಾಡು, ಸೋಲೋಗೆ ಹೋಗು ಅನ್ನೋ ಬುದ್ಧಿವಾದ ಯಾವಾಗಲೂ ಏಟು ತಿಂದವನಿಗೇ ಯಾಕೆ? ಇಂಧನ ಮುಗಿದು ಎಲ್ಲೋ ಸಿಕ್ಕಿಹಾಕಿಕೊಂಡ ಅಪರಿಚಿತರ ಹತ್ತಿರ ಓಡೋ ಫ್ಯುಯೆಲ್ ರ‍್ಯಾಟ್ಸ್ ಕೂಡ ಇದೇ ಆಟ ಆಡ್ತಾರಲ್ವಾ?

ಹುಡುಗ ಆವತ್ತಿನಿಂದ ಲಾಗಿನ್ ಆಗಿಲ್ಲ. ಮೆಸೇಜ್ ಹಾಕಿದ್ರೆ "ಪರವಾಗಿಲ್ಲ ಅಣ್ಣಾ" ಅಂತಾನೆ, ಅಷ್ಟೇ. ಅವನ ಆ ನೀಲಿ ಗ್ರಹದ ಸಿಸ್ಟಮ್ ಹೆಸರು ನನ್ನ ಹತ್ತಿರ ಬರೆದಿಟ್ಟಿದೆ. ಇನ್ನೂ ಅದರ ಮೇಲೆ ಯಾರ ಹೆಸರೂ ಇಲ್ಲ. ನಾನು ಹೋಗಿ ಸ್ಕ್ಯಾನ್ ಮಾಡಿ ಮಾರಿದ್ರೆ ನನ್ನ ಹೆಸರು ಬೀಳುತ್ತೆ. ಮುಟ್ಟಲ್ಲ. ಅವನೇ ಬರಲಿ, ಈ ಸಲ ಪಕ್ಕದಲ್ಲಿ ನನ್ನ ಹಡಗು ಇರುತ್ತೆ.